ಮನೆಯಲ್ಲೇ ಪ್ಲೇನಾರ್ ಮ್ಯಾಗ್ನೆಟಿಕ್ ಸ್ಪೀಕರ್: ಯಾವ ದಾರಿ ಹಿಡಿಯೋದು?

ಪ್ಲೇನಾರ್ ಸ್ಪೀಕರ್, ಅಂದರೆ ಕೋನ್ ಬದಲು ತೆಳ್ಳನೆ ಹಾಳೆಯೇ ಅಲುಗಿ ಸದ್ದು ಮಾಡುವ ಚಪ್ಪಟೆ ಸ್ಪೀಕರ್, ಮಾಡಲು ಹೊರಟವರ ಮೊದಲ ಪ್ರಶ್ನೆ ಬಹುತೇಕ ಒಂದೇ: "ಯಾವ ಮ್ಯಾಗ್ನೆಟ್ ತಗೊಳ್ಳೋದು?" ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಇದ್ದಬದ್ದ ದುಡ್ಡೆಲ್ಲ ನಿಯೋಡಿಮಿಯಂ ಪಟ್ಟಿಗಳಿಗೆ ಸುರಿದು, ಹಾಳೆ ಮತ್ತು ಅಂಟನ್ನು ಕೈಗೆ ಸಿಕ್ಕಿದ್ದರಲ್ಲಿ ಮುಗಿಸಿದೆ. ಎರಡು ಪ್ಯಾನೆಲ್ ಕಸದ ಬುಟ್ಟಿ ಸೇರಿದವು. ಮೂರನೆಯದನ್ನು ಸಾಧಾರಣ ಫೆರೈಟ್ ಮ್ಯಾಗ್ನೆಟ್ ಹಾಕಿ, ಹಾಳೆಯ ಕೆಲಸಕ್ಕೆ ಎರಡು ವಾರ ಕೊಟ್ಟು ಮಾಡಿದೆ. ಅದು ಈಗಲೂ ಹಾಡುತ್ತಿದೆ.

ಹಾಗಾಗಿ ಇಲ್ಲಿ ಆಯ್ಕೆಗಳನ್ನು ನಾನು ಈಗ ಯೋಚಿಸುವ ಕ್ರಮದಲ್ಲೇ ಇಡುತ್ತೇನೆ. ಮೊದಲು ಯಾವ ಜಾತಿಯ ಸ್ಪೀಕರ್, ಆಮೇಲೆ ಅದರಿಂದ ಎಷ್ಟು ಕೆಲಸ ಮಾಡಿಸೋದು, ಆಮೇಲೆ ಮ್ಯಾಗ್ನೆಟ್, ಕೊನೆಗೆ ಹಾಳೆ. ಕೊನೆಗೆ ಬಂದರೂ ಹಾಳೆಯದ್ದೇ ದೊಡ್ಡ ಕಥೆ.

ಒಂದೇ ಮನೆತನದ ನಾಲ್ವರು

ಮಾಮೂಲಿ ಸ್ಪೀಕರ್‌ನಲ್ಲಿ ಒಂದು ಸುರುಳಿ ಕೋನನ್ನು ಮಧ್ಯದಿಂದ ತಳ್ಳುತ್ತದೆ. ಪ್ಲೇನಾರ್‌ನಲ್ಲಿ ಆ ಸುರುಳಿಯನ್ನೇ ಬಿಚ್ಚಿ, ತೆಳ್ಳನೆ ಪ್ಲಾಸ್ಟಿಕ್ ಹಾಳೆಯ ಮೇಲೆ ಉದ್ದಕ್ಕೂ ಅಂಟಿಸಿದ ಹಾಗೆ. ಹಾಳೆಯ ಹಿಂದೆ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಾಲಾಗಿ ನಿಂತ ಮ್ಯಾಗ್ನೆಟ್‌ಗಳು. ಕರೆಂಟ್ ಹರಿದಾಗ ಹಾಳೆ ಪೂರ್ತಿ ಒಟ್ಟಿಗೆ ಮುಂದಕ್ಕೂ ಹಿಂದಕ್ಕೂ ಚಲಿಸುತ್ತದೆ. 3ಎಂ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಜಿಮ್ ವೈನಿ 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮ್ಯಾಗ್ನೆಪ್ಯಾನ್ ಶುರು ಮಾಡಿದ್ದು ಇದೇ ತತ್ವದ ಮೇಲೆ.

ಇದರ ಹತ್ತಿರದ ನೆಂಟ ನಿಜವಾದ ರಿಬ್ಬನ್. ಅದರಲ್ಲಿ ಪ್ಲಾಸ್ಟಿಕ್ ಹಾಳೆಯೇ ಇಲ್ಲ. ಅಲ್ಯೂಮಿನಿಯಂ ಫಾಯಿಲೇ ಎರಡು ಮ್ಯಾಗ್ನೆಟ್ ಸಾಲುಗಳ ನಡುವೆ ತೂಗುತ್ತದೆ. ಮಾಡೋದು ಸುಲಭ ಅನ್ನಿಸುತ್ತದೆ, ಸದ್ದು ಕೂಡ ಅದ್ಭುತ. ತೊಂದರೆ ಇರುವುದು ಓಮ್ ಲೆಕ್ಕದಲ್ಲಿ. 1 ಮೀಟರ್ ಉದ್ದ, 25 ಮಿಮೀ ಅಗಲ, 16 ಮೈಕ್ರಾನ್ ದಪ್ಪದ ಫಾಯಿಲಿನ ರೆಸಿಸ್ಟೆನ್ಸ್ ಸುಮಾರು 0.07 ಓಮ್. ಆಂಪ್ಲಿಫೈಯರ್‌ಗೆ ಅದು ಶಾರ್ಟ್ ಸರ್ಕ್ಯೂಟ್ ಥರವೇ ಕಾಣುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಒಳ್ಳೆಯ ಟ್ರಾನ್ಸ್‌ಫಾರ್ಮರ್ ಸುತ್ತೋದು ಇನ್ನೊಂದು ವಿದ್ಯೆ. 1980ರ ದಶಕದ ಅಪೋಜಿ ಸಿಂಟಿಲಾ 1 ಓಮ್ ಲೋಡ್‌ನಿಂದಲೇ ಆಂಪ್ಲಿಫೈಯರ್‌ಗಳಿಗೆ ಸಿಂಹಸ್ವಪ್ನವಾಗಿತ್ತು.

ಎಲೆಕ್ಟ್ರೋಸ್ಟಾಟಿಕ್ ದೂರದ ದೊಡ್ಡಣ್ಣ. 1957ರ ಕ್ವಾಡ್ ಇಎಸ್‌ಎಲ್ ಕೇಳಿದವರು ಇವತ್ತಿಗೂ ಅದರ ಗುಂಗಿನಲ್ಲೇ ಇದ್ದಾರೆ. ಇದರಲ್ಲಿ ಹಾಳೆಯನ್ನು ಅಲುಗಿಸೋದು ವಿದ್ಯುತ್ತಿನ ಸೆಳೆತ. ಮ್ಯಾಗ್ನೆಟ್ ಬೇಡ, ಹಾಳೆ ಇನ್ನೂ ಹಗುರ. ಆದರೆ ಆ ಹಾಳೆಗೆ ಸಾವಿರಾರು ವೋಲ್ಟ್ ಬಯಾಸ್ (ಸದಾ ಇರುವ ವೋಲ್ಟೇಜ್) ಕೊಡಬೇಕು. ಧೂಳು ಕೂತರೆ, ತೇವ ಹಿಡಿದರೆ ಚಟಪಟ ಸದ್ದು ಬರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನಂತೂ ಇದನ್ನು ಶಿಫಾರಸು ಮಾಡಲ್ಲ.

ನಾಲ್ಕನೆಯದು ಹಾಳೆಯನ್ನು ನೆರಿಗೆ ಹಾಕಿ, ನೆರಿಗೆಗಳ ನಡುವಿನ ಗಾಳಿಯನ್ನು ಹಿಂಡಿ ಹೊರಹಾಕುವ ಏರ್ ಮೋಷನ್ ಟ್ರಾನ್ಸ್‌ಫಾರ್ಮರ್. ಅದನ್ನು ರೂಪಿಸಿದ ಆಸ್ಕರ್ ಹೈಲ್ 1930ರ ದಶಕದಲ್ಲೇ ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್ ಥರದ ಸಾಧನಕ್ಕೆ ಪೇಟೆಂಟ್ ಪಡೆದವರು. ಟ್ವೀಟರ್ (ಮೇಲಿನ ಸ್ವರಗಳ ಸ್ಪೀಕರ್) ಆಗಿ ಇದು ಚೆನ್ನ. ಆದರೆ ಸಮನಾದ ನೆರಿಗೆ ಹಾಕೋದು ಕೈಯಿಂದ ಆಗುವ ಮಾತಲ್ಲ. ಇದನ್ನು ಸುಮ್ನೆ ರೆಡಿ ಕೊಂಡುಬಿಡಿ.

ಈ ನಾಲ್ವರಲ್ಲಿ ಪ್ಲೇನಾರ್ ಎಲ್ಲದರಲ್ಲೂ ಮೊದಲ ರ್‍ಯಾಂಕ್ ಅಲ್ಲ. ಹಾಳೆ ರಿಬ್ಬನ್‌ಗಿಂತ ಭಾರ, ಎಲೆಕ್ಟ್ರೋಸ್ಟಾಟಿಕ್‌ಗಿಂತಲೂ ಭಾರ. ಆದರೆ ತಪ್ಪು ಮಾಡಿದರೆ ಕ್ಷಮಿಸುತ್ತದೆ. ಹೈ ವೋಲ್ಟೇಜ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ. ಓಮ್ ಎಷ್ಟಿರಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ. ಜೊತೆಗೆ ಆಂಪ್ಲಿಫೈಯರ್‌ಗೆ ಅದು ಹೆಚ್ಚುಕಮ್ಮಿ ಒಂದು ರೆಸಿಸ್ಟರ್ ಇದ್ದ ಹಾಗೆ ಕಾಣುತ್ತದೆ, ಕ್ರಾಸ್‌ಓವರ್ (ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಸರ್ಕ್ಯೂಟ್) ಲೆಕ್ಕ ಸಲೀಸು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಏನು ಬೇಕು?

ಪೂರ್ತಿ ರೇಂಜೋ, ಅರ್ಧ ರೇಂಜೋ

ಎಲ್ಲರಿಗೂ ಪೂರ್ತಿ ರೇಂಜ್ ಆಸೆ ಇರುತ್ತದೆ. ಬಾಗಿಲಿನಷ್ಟು ಎತ್ತರದ ಪ್ಯಾನೆಲ್, ಪೆಟ್ಟಿಗೆ ಇಲ್ಲ, ವೂಫರ್ (ಬಾಸ್ ಸ್ಪೀಕರ್) ಇಲ್ಲ, ಬಾಸ್‌ನಿಂದ ಟ್ರೆಬಲ್‌ವರೆಗೆ ಎಲ್ಲ ಅದರಿಂದಲೇ. ಆಸೆ ತಪ್ಪಲ್ಲ. ಆದರೆ ಅದಕ್ಕೆ ಏನು ತೆರಬೇಕು ಅಂತ ಒಮ್ಮೆ ನೋಡೋಣ.

ಪ್ಯಾನೆಲ್‌ಗೆ ಪೆಟ್ಟಿಗೆ ಇಲ್ಲ, ಹಾಗಾಗಿ ಹಿಂದಿನಿಂದಲೂ ಅಷ್ಟೇ ಸದ್ದು ಬರುತ್ತದೆ, ಉಲ್ಟಾ ಆಗಿ. ಕೆಳಗಿನ ಸ್ವರಗಳಲ್ಲಿ ಹಿಂದಿನ ಸದ್ದು ಅಂಚು ಬಳಸಿ ಮುಂದೆ ಬಂದು, ಮುಂದಿನದನ್ನು ತಿಂದುಹಾಕುತ್ತದೆ. 40 ಸೆಂಮೀ ಅಗಲದ ಪ್ಯಾನೆಲ್‌ನಲ್ಲಿ ಸುಮಾರು 400 ಹರ್ಟ್ಜ್‌ನಿಂದ ಕೆಳಗೆ ಪ್ರತಿ ಆಕ್ಟೇವ್‌ಗೆ (ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ) 6 ಡೆಸಿಬೆಲ್ ಇಳಿಯುತ್ತಾ ಹೋಗುತ್ತದೆ. 50 ಹರ್ಟ್ಜ್‌ಗೆ ಬರುವಷ್ಟರಲ್ಲಿ 18 ಡೆಸಿಬೆಲ್ ಮಾಯ. ಅದನ್ನು ತುಂಬಿಕೊಡಲು ಹಾಳೆ ಜೋರಾಗಿ ಅಲ್ಲಾಡಬೇಕು. ಪೆಟ್ಟಿಗೆಯಲ್ಲಿರುವ ಸ್ಪೀಕರ್ ಒಂದು ಆಕ್ಟೇವ್ ಕೆಳಗಿಳಿದರೆ 4 ಪಟ್ಟು ಜಾಸ್ತಿ ಚಲಿಸಬೇಕಾದರೆ, ಎರಡೂ ಕಡೆ ತೆರೆದ ಪ್ಯಾನೆಲ್ 8 ಪಟ್ಟು ಚಲಿಸಬೇಕು. ಹಾಳೆ ಅಷ್ಟು ದೂರ ಓಡಾಡಬೇಕು ಅಂದರೆ ಮ್ಯಾಗ್ನೆಟ್‌ನಿಂದ ದೂರ ಇಡಬೇಕು. ದೂರ ಇಟ್ಟರೆ ಬಲ ಕಡಿಮೆ. ಬಲ ಕಡಿಮೆಯಾದರೆ ಇನ್ನಷ್ಟು ದೊಡ್ಡ ಆಂಪ್ಲಿಫೈಯರ್. ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಿ.

ದೊಡ್ಡ ಪ್ಯಾನೆಲ್ ಮಾಡುವವರು ಹಾಳೆಯ ಸ್ವಂತ ಅನುರಣನವನ್ನೇ ಬಾಸ್‌ಗೆ ಬಳಸಿಕೊಳ್ಳುತ್ತಾರೆ. ಹಾಳೆಯನ್ನು ಬೇರೆ ಬೇರೆ ಅಳತೆಯ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗ ಒಂದೊಂದು ಸ್ವರಕ್ಕೆ ಮಿಡಿಯುವ ಹಾಗೆ ಎಳೆಯುತ್ತಾರೆ. ಸರಿಯಾಗಿ ಆದರೆ ಬಹಳ ಚೆಂದ. ಅದನ್ನು ಮೊದಲ ಪ್ರಯತ್ನದಲ್ಲೇ ಸಾಧಿಸಿದ ಒಬ್ಬರನ್ನೂ ನಾನು ಕಂಡಿಲ್ಲ.

ಇನ್ನೊಂದು ದಾರಿ ಎಂದರೆ 250–300 ಹರ್ಟ್ಜ್‌ಗಿಂತ ಕೆಳಗಿನದನ್ನು ಕೋನ್ ವೂಫರ್‌ಗೆ ಬಿಟ್ಟು, ಮೇಲಿನದನ್ನು ಮಾತ್ರ ಪ್ಯಾನೆಲ್‌ಗೆ ಕೊಡೋದು. ಆಗ ಹಾಳೆಗೆ 1–2 ಮಿಮೀ ಜಾಗ ಸಾಕು. ಪ್ಯಾನೆಲ್ 10 ಸೆಂಮೀ ಅಗಲ ಇದ್ದರೂ ನಡೆಯುತ್ತದೆ, ಸುತ್ತ ಒಂದಿಷ್ಟು ಹಲಗೆ ಇದ್ದರಾಯಿತು. ಬೈಯುವವರು ಹೇಳೋದು, ವೂಫರ್ ಮತ್ತು ಪ್ಯಾನೆಲ್ ಸದ್ದು ಬೆರೆಯಲ್ಲ ಅಂತ. ಅದರಲ್ಲಿ ಸತ್ಯ ಇದೆ. ಎತ್ತರದ ಪ್ಯಾನೆಲ್‌ನ ಸದ್ದು ದೂರ ದುಪ್ಪಟ್ಟಾದಾಗ 3 ಡೆಸಿಬೆಲ್ ಇಳಿದರೆ, ವೂಫರ್‌ನದ್ದು 6 ಇಳಿಯುತ್ತದೆ. ಅಂದರೆ ಎರಡರ ಮಟ್ಟ ಒಂದು ಜಾಗದಲ್ಲಿ ಕೂತಾಗ ಮಾತ್ರ ಸರಿಹೊಂದುತ್ತದೆ. ನೀವು ಯಾವಾಗಲೂ ಕೂರುವ ಕುರ್ಚಿ ಒಂದೇ ಆದರೆ ಇದು ದೊಡ್ಡ ವಿಷಯವೇ ಅಲ್ಲ. ವೂಫರನ್ನೂ ಪೆಟ್ಟಿಗೆ ಇಲ್ಲದೆ ಹಲಗೆಗೆ ಕೂರಿಸಿದರೆ ಬೆರಕೆ ಇನ್ನೂ ಚೆನ್ನಾಗಿರುತ್ತದೆ.

ನನ್ನ ಮತ ಅರ್ಧ ರೇಂಜ್‌ಗೆ. ಕಣ್ಣು ಮುಚ್ಚಿ.

ಮೇಲ್ಗಡೆ ಇನ್ನೊಂದು ಮಿತಿ ಇದೆ. 10 ಸೆಂಮೀ ಅಗಲದ ಪ್ಯಾನೆಲ್ ಸುಮಾರು 3.4 ಕಿಲೋಹರ್ಟ್ಜ್ ದಾಟಿದ ಮೇಲೆ ಟಾರ್ಚ್ ಬೆಳಕಿನ ಹಾಗೆ ಸದ್ದನ್ನು ನೇರಕ್ಕೆ ಎಸೆಯಲು ಶುರು ಮಾಡುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಸಿಂಬಲ್ಸ್ ಮಾಯ. 2.5 ಸೆಂಮೀ ಅಗಲದ ಪಟ್ಟಿಯಾದರೆ ಆ ತೊಂದರೆ 13–14 ಕಿಲೋಹರ್ಟ್ಜ್‌ವರೆಗೆ ಬರಲ್ಲ. ಹಾಗಾಗಿ ಅಗಲದ ಪ್ಯಾನೆಲ್ ಪಕ್ಕದಲ್ಲಿ ಒಂದು ಕಿರಿದಾದ ಪಟ್ಟಿ, ಅಥವಾ ರೆಡಿ ಸಿಗುವ ಪುಟ್ಟ ಪ್ಲೇನಾರ್ ಟ್ವೀಟರ್. ಟ್ವೀಟರನ್ನು ಕೊಂಡುಕೊಂಡರೆ ಯಾರೂ ನಿಮ್ಮನ್ನು ಕಡಿಮೆ ಅಂದುಕೊಳ್ಳಲ್ಲ.

ಒಂದು ಕಡೆ ಮ್ಯಾಗ್ನೆಟ್, ಎರಡು ಕಡೆ ಮ್ಯಾಗ್ನೆಟ್

ಒಂದು ಕಡೆ ಎಂದರೆ ಹಾಳೆಯ ಹಿಂದೆ ಮಾತ್ರ. ರಂಧ್ರಗಳಿರುವ ಉಕ್ಕಿನ ತಗಡು, ಅದರ ಮೇಲೆ ಮ್ಯಾಗ್ನೆಟ್ ಸಾಲುಗಳು, ಅದರ ಮುಂದೆ ಹಾಳೆ. ಮುಂದಿನ ಮುಖ ಪೂರ್ತಿ ತೆರೆದೇ ಇರುತ್ತದೆ. ಕೆಲಸ ಸರಳ, ಹಾಳೆ ಹರಿದರೆ ಬದಲಿಸೋದೂ ಸರಳ. ಕೊರತೆ ಏನೆಂದರೆ ಹಾಳೆ ಮುಂದೆ ಹೋದಾಗ ಬಲ ಕಡಿಮೆ, ಹಿಂದೆ ಬಂದಾಗ ಜಾಸ್ತಿ. ಈ ಏರುಪೇರು ಎರಡನೇ ಹಾರ್ಮೋನಿಕ್ (ಮೂಲ ಸ್ವರದ ದುಪ್ಪಟ್ಟು ಹರ್ಟ್ಜ್) ವಿರೂಪವಾಗಿ ಸದ್ದಿನಲ್ಲಿ ಸೇರಿಕೊಳ್ಳುತ್ತದೆ. ಹಾಳೆ ಜಾಸ್ತಿ ಅಲ್ಲಾಡಿದಷ್ಟೂ ಜಾಸ್ತಿ. ಬಾಸ್ ಬಿಟ್ಟುಕೊಟ್ಟವರಿಗೆ ಹಾಳೆ ಅಷ್ಟೇನೂ ಅಲ್ಲಾಡಲ್ಲ, ಹಾಗಾಗಿ ಕಿವಿಗೆ ಬೀಳೋದು ಕಷ್ಟ.

ಎರಡು ಕಡೆ ಎಂದರೆ ಹಾಳೆಯ ಹಿಂದೆಯೂ ಮುಂದೆಯೂ. ಎದುರುಬದುರು ಸಾಲುಗಳ ಒಂದೇ ಧ್ರುವ ಮುಖಾಮುಖಿ ಆಗಿರಬೇಕು: ಉತ್ತರಕ್ಕೆ ಉತ್ತರ, ದಕ್ಷಿಣಕ್ಕೆ ದಕ್ಷಿಣ. ಆಗ ಕ್ಷೇತ್ರ ಹಾಳೆಗೆ ಸಮಾನಾಂತರವಾಗಿ ಮಲಗುತ್ತದೆ. ಅದೇ ಅಂತರದಲ್ಲಿ ಬಲ ದುಪ್ಪಟ್ಟು, ಅಂದರೆ 6 ಡೆಸಿಬೆಲ್ ಲಾಭ. ಹಾಳೆ ಒಂದು ಕಡೆಯಿಂದ ದೂರ ಹೋದರೆ ಇನ್ನೊಂದಕ್ಕೆ ಹತ್ತಿರ, ಏರುಪೇರೂ ಸರಿದೂಗುತ್ತದೆ. ಕಾಗದದ ಮೇಲೆ ಇದೇ ಗೆಲ್ಲುತ್ತದೆ.

ಆದರೆ ಒಂದೇ ಧ್ರುವಗಳು ಎದುರಾದರೆ ಏನಾಗುತ್ತದೆ ಅಂತ ಶಾಲೆಯಲ್ಲೇ ಓದಿದ್ದೇವೆ. ಎರಡೂ ತಗಡು ಒಂದನ್ನೊಂದು ತಳ್ಳುತ್ತವೆ. ಉದ್ದದ ಪ್ಯಾನೆಲ್‌ನಲ್ಲಿ ನಡುಭಾಗ ಹೊಟ್ಟೆ ಬಂದ ಹಾಗೆ ಉಬ್ಬುತ್ತದೆ, ಮೇಲೆ ಕೆಳಗೆ 2 ಮಿಮೀ ಇದ್ದ ಜಾಗ ಮಧ್ಯದಲ್ಲಿ 4 ಆಗಿರುತ್ತದೆ. ಅದನ್ನು ತಡೆಯಲು ದಪ್ಪ ತಗಡು, ಆಂಗಲ್, ಹತ್ತಾರು ಬೋಲ್ಟ್. ಜೊತೆಗೆ ಮುಂದಿನ ಮ್ಯಾಗ್ನೆಟ್ ಸಾಲುಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಬರುತ್ತದೆ. ಸೀಟಿ ಹೊಡೆದ ಹಾಗೆ ಅಲ್ಲ, 'ಸ' ಅಕ್ಷರ ಸ್ವಲ್ಪ ಚೂಪಾದ ಹಾಗೆ.

ಮೊದಲ ಪ್ಯಾನೆಲ್ ಒಂದು ಕಡೆಯದ್ದೇ ಇರಲಿ. ಎರಡನೆಯದಕ್ಕೆ ನೀವೇ ತೀರ್ಮಾನಿಸಿ, ಆಗ ನಿಮಗೇ ಗೊತ್ತಿರುತ್ತದೆ.

ಫೆರೈಟೋ ನಿಯೋಡಿಮಿಯಮ್ಮೋ

ಫೆರೈಟ್‌ನ ಉಳಿಕೆ ಕಾಂತತ್ವ ಸುಮಾರು 0.4 ಟೆಸ್ಲಾ, ಎನ್42 ದರ್ಜೆಯ ನಿಯೋಡಿಮಿಯಂನದು 1.3ರ ಆಸುಪಾಸು. ಮೂರು ಪಟ್ಟು ವ್ಯತ್ಯಾಸ. ಬೆಲೆಯೂ ಹಾಗೇ ಏರುತ್ತದೆ. ಇಲ್ಲಿ ಎಲ್ಲರೂ ಮರೆಯುವ ಸಂಗತಿ, ಬಲ ಹಾಳೆಯವರೆಗೆ ತಲುಪಬೇಕು ಅನ್ನೋದು. ಅದು ಮ್ಯಾಗ್ನೆಟ್ ದರ್ಜೆಯಷ್ಟೇ ಸಾಲುಗಳ ಅಂತರವನ್ನೂ ಅವಲಂಬಿಸಿದೆ. ಸಾಲಿನಿಂದ ಸಾಲಿಗೆ 10 ಮಿಮೀ ಇದ್ದರೆ, 3 ಮಿಮೀ ದೂರದಲ್ಲಿ ಸುಮಾರು ಶೇ 40ರಷ್ಟು ಬಲ ಮಾತ್ರ ಉಳಿಯುತ್ತದೆ. 20 ಮಿಮೀ ಇದ್ದರೆ ಶೇ 60ಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಟ್ವೀಟರ್‌ಗೆ ಒತ್ತೊತ್ತಾಗಿ ಸಣ್ಣ ಪಟ್ಟಿಗಳು, ಕೆಳಗಿನ ಸ್ವರಕ್ಕೆ ಅಗಲ ಅಂತರದ ದೊಡ್ಡ ಪಟ್ಟಿಗಳು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ರಬ್ಬರ್ ಮ್ಯಾಗ್ನೆಟ್ ಹಾಳೆ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಬಳಸಿದರೆ ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ಧ್ರುವಗಳು ಒಂದೆರಡು ಮಿಲಿಮೀಟರಿಗೊಮ್ಮೆ ಬದಲಾಗುತ್ತವೆ. 3 ಮಿಮೀ ಆಚೆ ಏನೂ ಉಳಿಯಲ್ಲ. ಕಾಗದ ಹಿಡಿಯಲು ಸಾಕು, ಹಾಡಲು ಸಾಲದು. ಪಟ್ಟಿಯ ರೂಪದಲ್ಲಿ ಬರುವ, ಒಂದು ಮುಖ ಪೂರ್ತಿ ಉತ್ತರ ಇನ್ನೊಂದು ಪೂರ್ತಿ ದಕ್ಷಿಣ ಇರುವ ರಬ್ಬರ್ ಮ್ಯಾಗ್ನೆಟ್ ಬೇರೆ, ಅದರಲ್ಲಿ ಮಾಡಬಹುದು.

ನಿಯೋಡಿಮಿಯಂ ಜೊತೆ ಕೆಲಸ ಮಾಡೋದು ಬೆಕ್ಕುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಪಕ್ಕದ ಸಾಲುಗಳು ಉಲ್ಟಾ ಧ್ರುವದವು, ಹಾಗಾಗಿ ಒಂದರ ಮೇಲೊಂದು ಹಾರುತ್ತವೆ. ಅದೇ ಸಾಲಿನ ತುಂಡುಗಳು ತುದಿಗೆ ತುದಿ ಬಂದರೆ ದೂರ ತಳ್ಳುತ್ತವೆ. ನನ್ನ ಎರಡು ಪಟ್ಟಿ ಹೀಗೆ ಹಾರಿ ಡಿಕ್ಕಿ ಹೊಡೆದು ಚೂರಾದವು, ಒಂದು ಚೂರು ಕನ್ನಡಕಕ್ಕೆ ತಾಗಿತು. ಕನ್ನಡಕ ಇಲ್ಲದಿದ್ದರೆ ಈ ಸಾಲು ಬರೆಯುವಾಗ ಇಷ್ಟು ಹಗುರಾಗಿ ಇರುತ್ತಿರಲಿಲ್ಲ. ಸಾಲುಗಳ ನಡುವೆ ಮರದ ಪಟ್ಟಿ ಇಟ್ಟುಕೊಂಡು, ಒಂದೊಂದಾಗಿ ಜಾರಿಸಿ ಕೂರಿಸಿ. ಅವನ್ನು ಕೊರೆಯಲು, ಉಜ್ಜಲು ಹೋಗಬೇಡಿ, ಪುಡಿಗೆ ಬೆಂಕಿ ಹತ್ತುತ್ತದೆ. ಪೇಸ್‌ಮೇಕರ್ ಇರುವವರು ಮನೆಯಲ್ಲಿದ್ದರೆ ಈ ಕೆಲಸವೇ ಬೇಡ. ಮಾಮೂಲಿ ದರ್ಜೆಯವು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತವೆ, ಪಕ್ಕದಲ್ಲಿ ಹೀಟ್ ಗನ್ ಹಿಡಿಯುವಾಗ ಇದು ನೆನಪಿರಲಿ.

ಫೆರೈಟ್ ಶಾಂತ ಪ್ರಾಣಿ. ತುಕ್ಕು ಹಿಡಿಯಲ್ಲ, ಬಿಸಿಗೆ ಹೆದರಲ್ಲ. ಸದ್ದಿನ ಮಟ್ಟ ಕಡಿಮೆ, ಅಷ್ಟೇ. ಸಾಧಾರಣ ಕೋಣೆಯಲ್ಲಿ ಸಾಧಾರಣ ಜೋರಿಗೆ ಕೇಳುವವರಿಗೆ ಒಳ್ಳೆಯ ಆಂಪ್ಲಿಫೈಯರ್ ಇದ್ದರೆ ಸಾಕು.

ಹಾಳೆ, ಫಾಯಿಲ್, ಅಂಟು

ಇಲ್ಲಿ ನಿಧಾನವಾಗಿ ಓದಿ.

ಹಾಳೆಗೆ ಮೈಲಾರ್ (ಪಾಲಿಯೆಸ್ಟರ್ ಫಿಲ್ಮ್) ಸಾಕು. 12 ಮೈಕ್ರಾನ್ ನನ್ನ ಆಯ್ಕೆ. 6 ಮೈಕ್ರಾನ್ ಹಗುರ, ಆದರೆ ಕೈಯಲ್ಲಿ ಹಿಡಿದರೆ ಸಾಕು ಸುಕ್ಕು. 25 ಮೈಕ್ರಾನ್ ಗಟ್ಟಿ, ಬಾಸ್ ಪ್ಯಾನೆಲ್‌ಗೆ ಒಳ್ಳೆಯದು, ಟ್ರೆಬಲ್‌ಗೆ ಮಂಕು. ಕ್ಯಾಪ್ಟಾನ್ (ಪಾಲಿಇಮೈಡ್ ಫಿಲ್ಮ್) ಬಿಸಿಗೆ ಜಗ್ಗಲ್ಲ, ಆದರೆ ದುಬಾರಿ. ಹೀಟ್ ಗನ್‌ಗೆ ಮೈಲಾರ್‌ನಂತೆ ಅದು ಬಿಗಿಯಾಗಲ್ಲ, ಎಳೆದೇ ಬಿಗಿಯಬೇಕು. ತುರ್ತುಸ್ಥಿತಿಯಲ್ಲಿ ಹೊದೆಯುವ ಬೆಳ್ಳಿ ಬಣ್ಣದ ಹೊದಿಕೆ ನೋಡಿ ಹಿಗ್ಗಬೇಡಿ. ಅದರ ಮೇಲಿನ ಅಲ್ಯೂಮಿನಿಯಂ ಪದರ ನ್ಯಾನೋಮೀಟರ್ ಲೆಕ್ಕದ್ದು, ಕರೆಂಟ್ ಹೊರುವ ತಾಕತ್ತು ಅದಕ್ಕಿಲ್ಲ.

ವಾಹಕಕ್ಕೆ ತಂತಿಯೋ ಫಾಯಿಲೋ? ತಂತಿ ಬೇಕೆಂದರೆ 0.2 ಮಿಮೀ ತಾಮ್ರದ ಎನಾಮಲ್ ತಂತಿ ಮೀಟರಿಗೆ ಸುಮಾರು 0.54 ಓಮ್. 8 ಮೀಟರಿಗೆ 4.3 ಓಮ್, ತೂಕ 2.25 ಗ್ರಾಂ. ಅದೇ ಓಮ್‌ಗೆ 0.25 ಮಿಮೀ ಅಲ್ಯೂಮಿನಿಯಂ ತಂತಿ ಹಾಕಿದರೆ ತೂಕ 1 ಗ್ರಾಂ ಚಿಲ್ಲರೆ. ಅರ್ಧಕ್ಕಿಂತ ಕಡಿಮೆ! ತಾಮ್ರ ಒಳ್ಳೆಯ ವಾಹಕ ನಿಜ, ಆದರೆ ಇಲ್ಲಿ ತೂಕವೂ ಲೆಕ್ಕಕ್ಕೆ ಬರುತ್ತದೆ, ಅಲ್ಯೂಮಿನಿಯಂ ಗೆಲ್ಲುತ್ತದೆ. ಒಂದೇ ಕಿರಿಕಿರಿ ಎಂದರೆ ಅದಕ್ಕೆ ಬೆಸುಗೆ ಸುಲಭವಾಗಿ ಹಿಡಿಯಲ್ಲ. ತುದಿಯನ್ನು ಕ್ರಿಂಪ್ ಮಾಡಬೇಕು ಅಥವಾ ವಾಶರ್ ನಡುವೆ ಸ್ಕ್ರೂ ಹಾಕಿ ಬಿಗಿಯಬೇಕು.

ಫಾಯಿಲ್ ಪಟ್ಟಿ ಇನ್ನೂ ಚೆನ್ನ. ಹಾಳೆಯ ಹೆಚ್ಚು ಜಾಗದಲ್ಲಿ ಬಲ ಹಂಚಿಹೋಗುತ್ತದೆ, ಬಿಸಿಯೂ ಬೇಗ ಗಾಳಿಗೆ ಹೋಗುತ್ತದೆ. ಮನೆಬಳಕೆಯ ಅಡುಗೆ ಫಾಯಿಲೇ ಸಾಕು, ಆದರೆ ದಪ್ಪ ಎಷ್ಟು ಅಂತ ಗೊತ್ತಿರಬೇಕು. ಅದಕ್ಕೊಂದು ಸುಲಭ ಉಪಾಯ: ಒಂದು ಚದರ ಮೀಟರ್ ಕತ್ತರಿಸಿ ತೂಗಿ. ಗ್ರಾಂ ಸಂಖ್ಯೆಯನ್ನು 2.7ರಿಂದ ಭಾಗಿಸಿದರೆ ಮೈಕ್ರಾನ್ ಸಿಗುತ್ತದೆ. 43 ಗ್ರಾಂ ಬಂದರೆ 16 ಮೈಕ್ರಾನ್.

ಈಗ ಒಂದು ಪ್ಯಾನೆಲ್ ಲೆಕ್ಕ ಹಾಕೋಣ. 1 ಮೀಟರ್ ಎತ್ತರ, 10 ಸೆಂಮೀ ಅಗಲ. 20 ಮಿಮೀ ಅಂತರದಲ್ಲಿ 5 ಮ್ಯಾಗ್ನೆಟ್ ಸಾಲು, ನಡುವೆ 4 ಸಂದಿ. ಪಟ್ಟಿಗಳು ಕೂರಬೇಕಾದದ್ದು ಮ್ಯಾಗ್ನೆಟ್ ಎದುರಿಗೆ ಅಲ್ಲ, ಈ ಸಂದಿಗಳ ಎದುರಿಗೆ. ಒಂದೊಂದು ಸಂದಿಗೆ 4 ಮಿಮೀ ಅಗಲದ ಎರಡು ಪಟ್ಟಿ. ಒಟ್ಟು 8 ಪಟ್ಟಿ, 8 ಮೀಟರ್. 16 ಮೈಕ್ರಾನ್ ಫಾಯಿಲ್‌ನಲ್ಲಿ ಇದು ಸುಮಾರು 3.5 ಓಮ್ ಆಗುತ್ತದೆ. 4 ಓಮ್‌ಗೆ ಒಗ್ಗಿದ ಆಂಪ್ಲಿಫೈಯರ್ ಆರಾಮಾಗಿ ಓಡಿಸುತ್ತದೆ. ಒಂದು ಸಂದಿಯಲ್ಲಿ ಕರೆಂಟ್ ಮೇಲಕ್ಕೆ ಹೋದರೆ ಪಕ್ಕದ ಸಂದಿಯಲ್ಲಿ ಕೆಳಕ್ಕೆ ಬರಬೇಕು, ಏಕೆಂದರೆ ಅಲ್ಲಿ ಕ್ಷೇತ್ರದ ದಿಕ್ಕು ತಿರುಗಿರುತ್ತದೆ. ನಾನು ನಾಲ್ಕು ನಾಲ್ಕು ಪಟ್ಟಿಯ ಎರಡು ಹಾವಿನ ನಡೆ ಮಾಡಿ, ಕೆಳ ತುದಿಯಲ್ಲಿ ಹೊರಗಿನ ತಂತಿಯಿಂದ ಸೀರೀಸ್‌ನಲ್ಲಿ ಜೋಡಿಸುತ್ತೇನೆ. ಬಿಡಿಸಿ ನೋಡಲೂ ಅನುಕೂಲ.

ತೂಕ ನೋಡಿ. ಹಾಳೆ 1.7 ಗ್ರಾಂ. ಫಾಯಿಲ್ 1.4 ಗ್ರಾಂ. ಎರಡೂ ಸೇರಿ ಬರೀ 3.1 ಗ್ರಾಂ. ನನ್ನ ಮೊದಲ ಪ್ಯಾನೆಲ್‌ನಲ್ಲಿ ಅಂಟಿಗೆ ಹಾಳೆಯ ಪೂರ್ತಿ 50 ಮೈಕ್ರಾನ್ ಟ್ರಾನ್ಸ್‌ಫರ್ ಟೇಪ್ (ಬರೀ ಅಂಟಿನ ಪದರ) ಹಾಸಿದ್ದೆ. ಅಂಟಿನ ತೂಕವೇ ಸುಮಾರು 5 ಗ್ರಾಂ! ಮೂಗಿಗಿಂತ ಮೂಗುತಿ ಭಾರ. ಇಷ್ಟೆಲ್ಲ ಹಗುರ ಮಾಡಿ, ಅಂಟಿನಿಂದ ತೂಕ ಎರಡೂವರೆ ಪಟ್ಟು ಏರಿಸಿ, ಆಮೇಲೆ ಟ್ರೆಬಲ್ ಯಾಕೆ ಮಂಕು ಅಂತ ಒಂದು ತಿಂಗಳು ಕ್ರಾಸ್‌ಓವರ್ ಬದಲಿಸುತ್ತಾ ಕೂತಿದ್ದೆ.

ಸ್ಪ್ರೇ ಅಂಟು ಇದಕ್ಕಿಂತ ತೆಳು. ಆದರೆ ಅದನ್ನು ಹಾಳೆಗೆ ಹೊಡೆಯಬೇಡಿ, ಫಾಯಿಲಿನ ಹಿಂಬದಿಗೆ ಹೊಡೆಯಿರಿ. ದೂರದಿಂದ, ಒಂದೇ ಬೀಸಿಗೆ, ಮಂಜು ಬಿದ್ದ ಹಾಗೆ. ಐದು ನಿಮಿಷ ಒಣಗಲು ಬಿಡಿ. ಒದ್ದೆ ಇರುವಾಗಲೇ ಅಂಟಿಸಿದರೆ ದ್ರಾವಕ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ. ಎಷ್ಟೋ ವರ್ಷ ಹಳೆಯ ಪ್ಯಾನೆಲ್‌ಗಳಲ್ಲಿ ತಂತಿ ಬಿಟ್ಟುಕೊಂಡು ಝೇಂಕರಿಸೋದು ಅಂಟು ಸೋತಾಗಲೇ, ಹಾಗಾಗಿ ಪಟ್ಟಿಯ ತಿರುವುಗಳಲ್ಲಿ ಮಾತ್ರ ತೆಳುವಾಗಿ ಮೇಲಿನಿಂದಲೂ ಒಂದು ಲೇಪ ಕೊಡುತ್ತೇನೆ.

ಪಟ್ಟಿ ಕತ್ತರಿಸಲು ಮೂರು ದಾರಿ. ಉಕ್ಕಿನ ಸ್ಕೇಲು ಮತ್ತು ಹೊಸ ಬ್ಲೇಡ್ ಅಗ್ಗ, ತಾಳ್ಮೆ ಬೇಕು, ಹೊಸ ಬ್ಲೇಡ್ ಅಂದರೆ ನಾಲ್ಕು ಗೆರೆಗೊಂದು ಹೊಸದು. ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್ ಸಿಕ್ಕರೆ ಹಬ್ಬ. ಫಾಯಿಲನ್ನು ಕಡಿಮೆ ಅಂಟಿನ ಹಾಳೆಯ ಮೇಲೆ ಕೂರಿಸಿ ಕತ್ತರಿಸಿ, ಬೇಡದ್ದನ್ನು ಸುಲಿದು ತೆಗೆದು, ಉಳಿದದ್ದನ್ನು ಹಾಗೇ ಮೈಲಾರ್‌ಗೆ ವರ್ಗಾಯಿಸಬಹುದು. ರಾಸಾಯನಿಕದಲ್ಲಿ ಕರಗಿಸುವುದು ಮೂರನೆಯದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ಒಳಗೆ ಮಾಡುವ ಕೆಲಸ ಅಲ್ಲ, ನನಗಂತೂ ಇಷ್ಟವೂ ಅಲ್ಲ.

ಬಿಗಿ

ಹಾಳೆಯನ್ನು ಎಳೆಯಲು ಎರಡು ಪದ್ಧತಿ. ಒಂದು, ಚೌಕಟ್ಟಿಗೆ ಸಡಿಲವಾಗಿ ಅಂಟಿಸಿ ಹೀಟ್ ಗನ್ ಆಡಿಸೋದು. ಮೈಲಾರ್ ಬಿಸಿಗೆ ಕುಗ್ಗಿ ಕನ್ನಡಿಯ ಹಾಗೆ ಬಿಗಿಯಾಗುತ್ತದೆ. ನೋಡಲು ಜಾದೂ. ಆದರೆ ಫಾಯಿಲ್ ಇರುವ ಕಡೆ ಒಂದು ಥರ, ಇಲ್ಲದ ಕಡೆ ಇನ್ನೊಂದು ಥರ ಕುಗ್ಗುತ್ತದೆ. ಅಂಟೂ ಮೆತ್ತಗಾಗುತ್ತದೆ. ಬಿಗಿ ಎಷ್ಟಾಯಿತು ಅಂತ ಅಳೆಯಲೂ ಆಗಲ್ಲ.

ಇನ್ನೊಂದು, ಫಾಯಿಲ್ ಅಂಟಿಸುವ ಮೊದಲೇ ಎಳೆಯೋದು. ಎಲೆಕ್ಟ್ರೋಸ್ಟಾಟಿಕ್ ಮಾಡುವವರಿಂದ ಬಂದ ಒಂದು ಉಪಾಯ ಇದೆ: ಮೇಜಿನ ಸುತ್ತ ಅಂಚಿನಲ್ಲಿ ಸೈಕಲ್ ಟ್ಯೂಬ್ ಇಟ್ಟು, ಮೇಲೆ ಹಾಳೆ ಹಾಸಿ, ಅಂಚನ್ನು ಮೇಜಿನ ಕೆಳಗೆ ಟೇಪ್‌ನಿಂದ ಹಿಡಿಸಿ, ಟ್ಯೂಬ್‌ಗೆ ಗಾಳಿ ಹೊಡೆಯೋದು. ಟ್ಯೂಬ್ ಉಬ್ಬಿದ ಹಾಗೆ ಹಾಳೆ ಎಲ್ಲ ದಿಕ್ಕಿಗೂ ಸಮನಾಗಿ ಎಳೆಯುತ್ತದೆ. ಹಾಳೆಯ ಮೇಲೆ ಮೊದಲೇ 50 ಸೆಂಮೀ ಅಂತರದ ಎರಡು ಗುರುತು ಹಾಕಿಕೊಳ್ಳಿ. ಅವು 50.5 ಸೆಂಮೀ ಆದಾಗ ಶೇ 1ರಷ್ಟು ಎಳೆದ ಹಾಗಾಯಿತು, ಅಲ್ಲಿ ನಿಲ್ಲಿಸಿ. ಆಮೇಲೆ ಚೌಕಟ್ಟನ್ನು ಒತ್ತಿ ಅಂಟಿಸಿ, ಒಂದು ರಾತ್ರಿ ಬಿಡಿ. ನನಗೆ ಎರಡನೆಯದೇ ಹಿತ. ಹೀಟ್ ಗನ್ ಕೊನೆಗೆ ಮೂಲೆಯ ಸುಕ್ಕು ತೆಗೆಯಲು ಮಾತ್ರ.

ತುಂಬಾ ಬಿಗಿದರೂ ಕಷ್ಟ. ಹಾಳೆಯ ಸ್ವಂತ ಅನುರಣನ ಮೇಲೇರಿ ನೀವು ಕೇಳುವ ಭಾಗದೊಳಗೇ ಬಂದು ಕೂರುತ್ತದೆ. 300 ಹರ್ಟ್ಜ್‌ನಲ್ಲಿ ಕ್ರಾಸ್ ಮಾಡುವವರಿಗೆ ಅದು 150ಕ್ಕಿಂತ ಕೆಳಗೆ ಇದ್ದರೆ ನೆಮ್ಮದಿ. ಬೆರಳಿನಿಂದ ಮೆಲ್ಲಗೆ ತಟ್ಟಿ, ಫೋನಿನ ಸ್ಪೆಕ್ಟ್ರಮ್ ಆಪ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ. ಒಂದೇ ಸ್ವರ ಜೋರಾಗಿ ಗುಂಯ್‌ಗುಟ್ಟಿದರೆ, ಹಾಳೆಯ ಹಿಂದೆ ಮಧ್ಯಕ್ಕೆ ಸರಿಯಾಗಿ ಅಲ್ಲದೆ, ಮೂರನೇ ಒಂದು ಭಾಗದ ಎತ್ತರದಲ್ಲಿ ಮೆತ್ತನೆ ಫೋಮ್ ಚೂರು ತಾಗಿಸಿ. ಸರಿ ಮಧ್ಯದಲ್ಲಿ ಇಟ್ಟರೆ ಎರಡೂ ಅರ್ಧ ಒಂದೇ ಸ್ವರಕ್ಕೆ ಮಿಡಿಯುತ್ತವೆ.

ಆಂಪ್ಲಿಫೈಯರ್ ಜೋಡಿಸುವ ಮೊದಲು

ಮಲ್ಟಿಮೀಟರ್ ಹಿಡಿಯಿರಿ. 3.5 ಬರಬೇಕಾದಲ್ಲಿ 1.8 ಬಂದರೆ ಎಲ್ಲೋ ಪಟ್ಟಿಗೆ ಪಟ್ಟಿ ತಾಗಿದೆ. ಏನೂ ಬರದಿದ್ದರೆ ತಿರುವಿನಲ್ಲಿ ಬಿರುಕು. ಉಕ್ಕಿನ ತಗಡಿಗೂ ಪಟ್ಟಿಗೂ ನಡುವೆ ಸಂಪರ್ಕ ಇದೆಯಾ ಅಂತಲೂ ನೋಡಿ.

ಆಮೇಲೆ ನನಗೆ ಬಹಳ ಇಷ್ಟವಾದ ಪರೀಕ್ಷೆ. ಒಂದು ಮಾಮೂಲಿ 1.5 ವೋಲ್ಟ್ ಸೆಲ್ ತಗೊಂಡು ತುದಿಗಳಿಗೆ ಒಂದು ಕ್ಷಣ ತಾಗಿಸಿ. ಕೋಣೆಯ ದೀಪದ ಪ್ರತಿಬಿಂಬ ಹಾಳೆಯಲ್ಲಿ ಕಾಣುವ ಹಾಗೆ ಓರೆಯಾಗಿ ನಿಂತು ನೋಡಿ. ಪ್ರತಿಬಿಂಬ ಇಡೀ ಉದ್ದಕ್ಕೂ ಒಂದೇ ಕಡೆಗೆ ಜರುಗಬೇಕು. ನನ್ನ ಎರಡನೇ ಪ್ಯಾನೆಲ್‌ನಲ್ಲಿ ಮೂರು ಭಾಗ ಮುಂದೆ ಬಂತು, ಒಂದು ಭಾಗ ಹೆಚ್ಚುಕಮ್ಮಿ ಅಲುಗಲೇ ಇಲ್ಲ. ಅಂಚಿನ ಒಂದು ಮ್ಯಾಗ್ನೆಟ್ ಸಾಲನ್ನು ಉಲ್ಟಾ ಅಂಟಿಸಿದ್ದೆ, ಎಪಾಕ್ಸಿ ಹಾಕಿ. ಕಿತ್ತು ತೆಗೆಯುವಾಗ ತಗಡು ಬಾಗಿತು, ಮ್ಯಾಗ್ನೆಟ್ ಮುರಿಯಿತು, ಹಾಳೆ ಹೇಗೂ ಹರಿಯಿತು. ಅಂದಿನಿಂದ ಒಂದು ಸಣ್ಣ ಮ್ಯಾಗ್ನೆಟ್‌ನ ಉತ್ತರ ಮುಖಕ್ಕೆ ಕೆಂಪು ಬಣ್ಣ ಬಳಿದು ಇಟ್ಟುಕೊಂಡಿದ್ದೇನೆ. ಅಂಟು ಕಲಸುವ ಮೊದಲು ಪ್ರತಿ ಸಾಲಿನ ಮೇಲೂ ಅದನ್ನು ಆಡಿಸುತ್ತೇನೆ: ಎಳೆ, ತಳ್ಳು, ಎಳೆ, ತಳ್ಳು, ಎಳೆ.

ಇದು ಪಾಸಾದರೆ ಆಂಪ್ಲಿಫೈಯರ್ ಜೋಡಿಸಿ, ಸರಣಿಯಲ್ಲೊಂದು ಫ್ಯೂಸ್ ಇರಲಿ. ಆಂಪ್ಲಿಫೈಯರ್ ಕೆಟ್ಟು ಡಿಸಿ ಬಿಟ್ಟರೆ 16 ಮೈಕ್ರಾನ್ ಫಾಯಿಲ್ ನಿಮ್ಮನ್ನು ಕೇಳಿ ಸುಡಲ್ಲ. ಮೊದಲ ದಿನ ಕಡಿಮೆ ಜೋರಿನಲ್ಲಿ ಒಬ್ಬರೇ ಮಾತಾಡುವ ಧ್ವನಿ ಹಾಕಿ ಕೇಳಿ, ಹಾಡಿಗಿಂತ ಮಾತಿನಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಪ್ಯಾನೆಲನ್ನು ಗೋಡೆಯಿಂದ ಒಂದು ಮೀಟರಾದರೂ ಮುಂದೆ ಇಡಿ. ಒಂದು ತಿಂಗಳ ನಂತರ ಮತ್ತೊಮ್ಮೆ ಬೆರಳಿನಿಂದ ತಟ್ಟಿ ಆಪ್ ನೋಡಿ. ಮೈಲಾರ್ ಮೊದಮೊದಲು ಒಂದಿಷ್ಟು ಸಡಿಲಾಗೋದು ಸಹಜ. ನನ್ನದು ಮೊದಲ ದಿನ 140 ಹರ್ಟ್ಜ್ ಇತ್ತು, ತಿಂಗಳಿಗೆ 120ಕ್ಕೆ ಇಳಿಯಿತು, ಆಮೇಲೆ ಅಲ್ಲೇ ನಿಂತಿದೆ.